ಕಾಣದ ಉಸಿರಿಗೆ ಕನ್ನಡಿ ಹಿಡಿದ ಕಥೆ

ಚಾಮರಾಜನಗರದ ಕರಿಕಲ್ಲಿಗೆ ಹೊಳಪು ಕೊಟ್ಟರೆ ಅದರಲ್ಲಿ ಮುಖ ನೋಡಿಕೊಳ್ಳಬಹುದು. ಅಷ್ಟು ನುಣುಪು, ಅಷ್ಟು ಕಪ್ಪು. ದೂರದ ಊರುಗಳ ಬ್ಯಾಂಕು, ಹೋಟೆಲುಗಳ ನೆಲಕ್ಕೂ ಹೊರದೇಶಗಳ ಸಮಾಧಿಗಳ ತಲೆಗಲ್ಲಿಗೂ ಈ ಸೀಮೆಯ ಕಲ್ಲು ಹೋಗಿದೆ. ಹೊಳಪು ಹೊರಗೆ ಹೋಯಿತು, ದೂಳು ಮಾತ್ರ ಇಲ್ಲಿಯೇ ಉಳಿಯಿತು. ಕ್ವಾರಿಯ ಪಕ್ಕದ ಹುಣಸೆಮರದ ಎಲೆಯ ಮೇಲೆ ಕೂತ ದೂಳು ದಾರಿಹೋಕರ ಕಣ್ಣಿಗೂ ಬೀಳುತ್ತದೆ. ಮಳೆ ಬಂದರೆ ತೊಳೆದೂ ಹೋಗುತ್ತದೆ. ಕಲ್ಲು ಕೊರೆಯುವವನ ಎದೆಯೊಳಗೆ ಹೋಗಿ ಕೂತ ದೂಳು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಯಾವ ಮಳೆಗೂ ತೊಳೆಯುವುದಿಲ್ಲ.

2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಕಲ್ಲುಗಣಿಯಲ್ಲಿ ಗುಡ್ಡ ಕುಸಿದು ಕಾರ್ಮಿಕರು ಸತ್ತರು. ಅದು ಸುದ್ದಿಯಾಯಿತು, ಆಗಲೇಬೇಕಿತ್ತು. ಆದರೆ ಹತ್ತು ಹದಿನೈದು ವರ್ಷಗಳ ಕಾಲ ಎದೆಯೊಳಗೆ ಚೂರುಚೂರೇ ಕುಸಿಯುವ ಗುಡ್ಡ ಸುದ್ದಿಯಾಗುವುದಿಲ್ಲ. "ದಮ್ಮು ಕಟ್ತದ ಸಾಮಿ" ಎಂದು ಆಸ್ಪತ್ರೆಯ ಬಾಗಿಲಿಗೆ ಬಂದವನ ಮಾತಿಗೆ ಸಾಕ್ಷಿ ಏನು? ಮುರಿದ ಮೂಳೆ ಕ್ಷ-ಕಿರಣದ ಚಿತ್ರದಲ್ಲಿ ಕಾಣುತ್ತದೆ. ಮುರಿದ ಉಸಿರು ಎಲ್ಲಿ ಕಾಣುತ್ತದೆ?

ಉಸಿರನ್ನು ನೋಡಬೇಕೆಂಬ ಮನುಷ್ಯನ ಪ್ರಯತ್ನಕ್ಕೆ ಇನ್ನೂರು ವರ್ಷಗಳ ಇತಿಹಾಸವಿದೆ. ಅದರ ಇತ್ತೀಚಿನ ಅಧ್ಯಾಯವೆಂದರೆ ಎಂಆರ್‌ಐ ಯಂತ್ರದಿಂದ ಶ್ವಾಸಕೋಶದ ಕೆಲಸವನ್ನೇ ಚಿತ್ರವಾಗಿ ತೆಗೆಯುವ ವಿದ್ಯೆ. ಈ ಕಥೆ ಪ್ಯಾರಿಸ್, ಲಂಡನ್‌ಗಳ ಜೊತೆಗೆ ನಮ್ಮ ಮೈಸೂರು, ತುಮಕೂರು, ಬೆಂಗಳೂರುಗಳನ್ನೂ ಹಾದು ಬರುತ್ತದೆ.

ಕಲ್ಲು ಎದೆಗೆ ಇಳಿಯುವ ಬಗೆ

ಭೂವಿಜ್ಞಾನಿಗಳ ಪ್ರಕಾರ ಚಾಮರಾಜನಗರದ ಕರಿಕಲ್ಲು ಗ್ರಾನೈಟೇ ಅಲ್ಲ. ಬಹುಪಾಲು ಅದು ಡಾಲರೈಟ್ ಎಂಬ ಶಿಲೆ. ಬಹಳ ಹಿಂದೆ ಭೂಮಿಯೊಳಗಿನ ಕರಗಿದ ಶಿಲಾರಸ ಹಳೆಯ ಬಂಡೆಗಳ ಬಿರುಕುಗಳಲ್ಲಿ ನುಗ್ಗಿ ಗೋಡೆಯಂತೆ ಗಟ್ಟಿಯಾದದ್ದು. ಅದರಲ್ಲಿ ಬಿಡಿಯಾದ ಸ್ಫಟಿಕ ಸಿಲಿಕ, ಎಂದರೆ ಬೆಣಚು, ಕಡಿಮೆ. ಅದರ ಸುತ್ತಲಿನ ಹಳೆಯ ನೈಸ್ ಶಿಲೆಯಲ್ಲಿ, ಕ್ರಷರುಗಳಿಗೆ ಹೋಗಿ ಜಲ್ಲಿಯಾಗುವ ಬಿಳಿಕಲ್ಲಿನಲ್ಲಿ, ಬೆಣಚು ಧಾರಾಳವಾಗಿದೆ. ಶ್ವಾಸಕೋಶದ ಮಟ್ಟಿಗೆ ಕಲ್ಲಿನ ಬಣ್ಣ ಮುಖ್ಯವಲ್ಲ, ಬೆಣಚಿನ ಪ್ರಮಾಣ ಮುಖ್ಯ.

ನಮ್ಮ ಎದೆಗೂಡಿನೊಳಗೆ ಸುಮಾರು 48 ಕೋಟಿ ಪುಟ್ಟ ಗಾಳಿಗೂಡುಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ ಎಂದು ಲೆಕ್ಕ. ಹಳ್ಳಿಯ ಒಂದು ಒಕ್ಕಣೆ ಕಣದಷ್ಟು ಜಾಗ! ಗಾಳಿಗೂ ರಕ್ತಕ್ಕೂ ನಡುವೆ ಇರುವ ಪೊರೆ ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ತೆಳು. ದೊಡ್ಡ ದೂಳನ್ನು ಮೂಗಿನ ಕೂದಲು, ಗಂಟಲಿನ ಲೋಳೆ ತಡೆಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಬೆಣಚಿನ ಕಣಗಳು ಇವೆಲ್ಲವನ್ನೂ ದಾಟಿ ಗಾಳಿಗೂಡಿಗೇ ಇಳಿಯುತ್ತವೆ. ಅಲ್ಲಿನ ಕಾವಲು ಜೀವಕೋಶಗಳು ಆ ಕಣಗಳನ್ನು ನುಂಗಿ ತಾವೇ ಸಾಯುತ್ತವೆ. ಸತ್ತ ಜಾಗದಲ್ಲಿ ಗಾಯ, ಗಾಯದ ಮೇಲೆ ಕಲೆಗಟ್ಟಿದ ನಾರು. ಇದೇ ಸಿಲಿಕೋಸಿಸ್. ಕೆಲಸ ಬಿಟ್ಟ ಮೇಲೂ ಇದು ಮುಂದುವರಿಯಬಲ್ಲದು. ಗುಣಪಡಿಸುವ ಮದ್ದಿಲ್ಲ. ಇದಿದ್ದವರಿಗೆ ಕ್ಷಯ ಅಂಟಿಕೊಳ್ಳುವುದೂ ಸುಲಭ, ಕ್ಷಯವೆಂದೇ ಇದನ್ನು ತಪ್ಪು ತಿಳಿಯುವುದೂ ಸುಲಭ.

ಕಲ್ಲುಕುಟಿಗರ ಈ ಕಾಯಿಲೆ ಹೊಸದಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ 1700ರಲ್ಲಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದ. ಕಲ್ಲು ಕೆತ್ತುವವರ ಎದೆಯೊಳಗೆ ಕಲ್ಲಿನ ಪುಡಿ ಸಿಕ್ಕ ಸಂಗತಿ ಅದರಲ್ಲಿದೆ. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ ಇನ್ನೊಂದನ್ನೂ ಸೇರಿಸಿಕೊಳ್ಳಿ ಎಂದು ಅವನು ವೈದ್ಯರಿಗೆ ಬುದ್ಧಿ ಹೇಳಿದ: ನಿಮ್ಮ ಕಸುಬು ಯಾವುದು? ಈ ಪ್ರಶ್ನೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕೊನೆಯಲ್ಲಿ ಅದು ಮತ್ತೆ ಬರುತ್ತದೆ.

ಕಿವಿ, ಅಳತೆ, ನೆರಳು

ಉಸಿರನ್ನು ಅರಿಯುವ ಮೊದಲ ಉಪಕರಣ ಹುಟ್ಟಿದ್ದು ಸಂಕೋಚದಿಂದ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ರೆನೆ ಲೆನೆಕ್ ಒಬ್ಬ ತರುಣಿಯ ಎದೆಗೆ ಕಿವಿಯಿಟ್ಟು ಕೇಳಲು ಹಿಂಜರಿದು, ಕಾಗದವನ್ನು ಕೊಳವೆಯಂತೆ ಸುರುಳಿ ಸುತ್ತಿ ಅದರ ಮೂಲಕ ಕೇಳಿದ. ಸ್ಟೆತಸ್ಕೋಪು ಹುಟ್ಟಿತು. ಶ್ವಾಸಕೋಶದ ಕಾಯಿಲೆಗಳನ್ನು ಕಿವಿಯಿಂದಲೇ ಗುರುತಿಸಲು ಜಗತ್ತಿಗೆ ಕಲಿಸಿದ ಲೆನೆಕ್ ಹತ್ತು ವರ್ಷಗಳ ನಂತರ ಕ್ಷಯದಿಂದಲೇ ತೀರಿಕೊಂಡ.

ಎರಡನೆಯದು ಅಳತೆ. ಇಂಗ್ಲೆಂಡಿನ ಜಾನ್ ಹಚಿನ್‌ಸನ್ 1846ರಲ್ಲಿ ಸ್ಪೈರೋಮೀಟರ್ ಎಂಬ ಉಸಿರುಮಾಪಕದ ವಿವರ ಪ್ರಕಟಿಸಿದ. ನೀರಿನಲ್ಲಿ ಬೋರಲು ಹಾಕಿದ ಪಾತ್ರೆಯೊಳಗೆ ಊದಿದರೆ ಪಾತ್ರೆ ಮೇಲೇಳುತ್ತದೆ, ಎಷ್ಟು ಎದ್ದಿತೋ ಅಷ್ಟು ಉಸಿರು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಅವನು ಊದಿಸಿ ಅಳೆದ. ಇಂದಿಗೂ ಆಸ್ಪತ್ರೆಗಳಲ್ಲಿ "ಜೋರಾಗಿ ಊದಿ, ಇನ್ನೂ ಊದಿ" ಎಂದು ಹೇಳುವ ಪರೀಕ್ಷೆ ಅದರ ಮೊಮ್ಮಗಳು. ಇದು ಒಳ್ಳೆಯ ಪರೀಕ್ಷೆ, ಅಗ್ಗದ್ದು ಕೂಡ. ಆದರೆ ಇದು ಕೊಡುವುದು ಒಟ್ಟು ಲೆಕ್ಕ. ಕೆರೆಯಿಂದ ಒಟ್ಟು ಎಷ್ಟು ನೀರು ಹೊರಬಿತ್ತು ಎಂದು ಗೊತ್ತಾಗುತ್ತದೆ, ಯಾವ ಗದ್ದೆಗೆ ಹರಿಯಿತು, ಯಾವುದು ಒಣಗಿತು ಎಂಬುದು ಗೊತ್ತಾಗುವುದಿಲ್ಲ. ಎಲ್ಲೋ ಮೂಲೆಯ ಗದ್ದೆ ಒಣಗಿದರೂ ಒಟ್ಟು ಲೆಕ್ಕ ಸರಿಯಾಗಿಯೇ ಕಾಣಬಹುದು.

ಮೂರನೆಯದು ನೆರಳು. 1895ರಲ್ಲಿ ರಂಟ್‌ಜನ್ ಕಂಡುಹಿಡಿದ ಕ್ಷ-ಕಿರಣ ಎದೆಯ ಒಳಗನ್ನು ಮೊದಲ ಬಾರಿಗೆ ಕಣ್ಣಿಗೆ ತಂದಿತು. ನಮ್ಮ ನಾಡಿನಲ್ಲಿ ಅದರ ಕಠೋರ ಸಾಕ್ಷ್ಯ ಸಿಕ್ಕಿದ್ದು ಕೋಲಾರದ ಚಿನ್ನದ ಗಣಿಯಲ್ಲಿ. 1940ರಿಂದ 1946ರ ನಡುವೆ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ 43ಕ್ಕೂ ಹೆಚ್ಚು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಚಿನ್ನ ಬೆಣಚಿನ ಪದರದಲ್ಲಿತ್ತು. ಚಿನ್ನ ಹಡಗು ಹತ್ತಿತು, ಬೆಣಚು ಎದೆ ಸೇರಿತು. ಕ್ಷ-ಕಿರಣದ ಚಿತ್ರಕ್ಕೂ ಒಂದು ಮಿತಿಯಿದೆ. ಅದು ತೋರಿಸುವುದು ಆಗಿಹೋದ ಗಾಯದ ನೆರಳನ್ನು. ನೆರಳು ಕಾಣುವ ಹೊತ್ತಿಗೆ ಗಾಯ ಹಳೆಯದಾಗಿರುತ್ತದೆ.

ತುಮಕೂರಿನ ಪಾಠ

ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ಚಾಮರಾಜನಗರವೂ ಗುಂಡ್ಲುಪೇಟೆಯೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಎದೆಯ ಕಾಯಿಲೆಗೆ ಹೆಸರಾದ ಆಸ್ಪತ್ರೆ ಎಂದರೆ ಮೈಸೂರಿನ ಪಿ.ಕೆ. ಸ್ಯಾನಿಟೋರಿಯಂ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಕ್ಷಯಕ್ಕೆ ಬಲಿಯಾದರು. ಆ ರಾಜಕುಮಾರಿಯ ಹೆಸರಿನಲ್ಲೇ 1921ರಲ್ಲಿ ಆ ಸ್ಯಾನಿಟೋರಿಯಂ ಸ್ಥಾಪನೆಯಾಯಿತು. ಅರಮನೆಯ ಗೋಡೆಯೂ ತಡೆಯದ ಕಾಯಿಲೆಗೆ ಅಂದು ಇದ್ದ ಚಿಕಿತ್ಸೆ ಒಳ್ಳೆಯ ಗಾಳಿ, ಒಳ್ಳೆಯ ಊಟ, ವಿಶ್ರಾಂತಿ.

ಸ್ವಾತಂತ್ರ್ಯ ಬಂದ ಮೇಲೆ, 1959ರಲ್ಲಿ, ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಹಳ್ಳಿಹಳ್ಳಿಗೂ ಕ್ಷ-ಕಿರಣದ ವಾಹನಗಳನ್ನು ಕಳಿಸಿ ಎಲ್ಲರ ಎದೆಯ ಚಿತ್ರ ತೆಗೆದು ರೋಗಿಗಳನ್ನು ಹುಡುಕಬೇಕೆ ಎಂಬುದು ಆಗಿನ ದೊಡ್ಡ ಪ್ರಶ್ನೆ. ಆ ಸಂಸ್ಥೆಯ ಡೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಸಿದರು. 1963ರಲ್ಲಿ ಪ್ರಕಟವಾದ ಅದರ ಫಲಿತಾಂಶ ತಜ್ಞರನ್ನು ತಬ್ಬಿಬ್ಬು ಮಾಡಿತು. ಕ್ಷಯ ಇದ್ದವರಲ್ಲಿ ಬಹುತೇಕರಿಗೆ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಚಿಕಿತ್ಸೆ ಹುಡುಕಿಕೊಂಡು ಹೋಗಿಯೂ ಬಂದಿದ್ದರು. ಆದರೆ ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ! ಹುಡುಕಬೇಕಾದವರು ತಾವಾಗಿಯೇ ಬಾಗಿಲಿಗೆ ಬಂದಿದ್ದರು, ಬಾಗಿಲಲ್ಲಿದ್ದವರು ಅವರ ಮಾತನ್ನು ಕೇಳಿಸಿಕೊಂಡಿರಲಿಲ್ಲ. ಕೆಮ್ಮು ಎಂದು ಬಂದವರ ಕಫ ಪರೀಕ್ಷೆ ಮಾಡಿದರೆ ಸಾಕು, ಅದಕ್ಕೆ ತಾಲ್ಲೂಕು ಆಸ್ಪತ್ರೆಯ ಸೂಕ್ಷ್ಮದರ್ಶಕವೇ ಸಾಕು ಎಂಬ ತಿಳಿವಳಿಕೆ ಇಡೀ ದೇಶದ ಕ್ಷಯ ನಿಯಂತ್ರಣ ಕಾರ್ಯಕ್ರಮಕ್ಕೆ ತಳಪಾಯವಾಯಿತು.

ದಮ್ಮು ಕಟ್ಟುವವನಿಗೆ ಯಂತ್ರಕ್ಕಿಂತ ಮೊದಲೇ ಗೊತ್ತಿರುತ್ತದೆ. ತುಮಕೂರು ಕಲಿಸಿದ ಈ ಪಾಠವನ್ನು ಎಂಆರ್‌ಐ ಕಥೆ ಇನ್ನೊಂದು ರೀತಿಯಲ್ಲಿ ಮತ್ತೆ ಹೇಳುತ್ತದೆ.

ಬುಗುರಿಗಳ ಸದ್ದು

ಎಂಆರ್‌ಐ ಯಂತ್ರ ಕ್ಷ-ಕಿರಣ ಬಳಸುವುದಿಲ್ಲ. ಅದು ನಮ್ಮ ಮೈಯೊಳಗಿನ ನೀರಿನ ಸದ್ದನ್ನು ಕೇಳುತ್ತದೆ. ನೀರಿನಲ್ಲಿರುವ ಜಲಜನಕದ ನ್ಯೂಕ್ಲಿಯಸ್ ಒಂದು ಪುಟ್ಟ ಬುಗುರಿ, ಪುಟ್ಟ ಅಯಸ್ಕಾಂತವೂ ಹೌದು. ಬಲವಾದ ಕಾಂತಕ್ಷೇತ್ರದಲ್ಲಿ ಇಟ್ಟರೆ ಈ ಬುಗುರಿಗಳು ಒಂದು ನಿಶ್ಚಿತ ವೇಗದಲ್ಲಿ ಓಲಾಡುತ್ತವೆ. ಅದೇ ವೇಗದ ರೇಡಿಯೋ ಅಲೆಯನ್ನು ಹಾಯಿಸಿದರೆ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಅವು ಶಕ್ತಿ ಹೀರಿ ಮತ್ತೆ ಸದ್ದು ಹೊರಡಿಸುತ್ತವೆ. ಇದೇ ಕಾಂತೀಯ ಅನುರಣನ. 1946ರಲ್ಲಿ ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್ ಬೇರೆಬೇರೆಯಾಗಿ ಇದನ್ನು ತೋರಿಸಿ 1952ರಲ್ಲಿ ನೊಬೆಲ್ ಪಡೆದರು.

ಅವರ ಪ್ರಯೋಗವಾಗಿ ಐದೇ ವರ್ಷಕ್ಕೆ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಎಂಬ ಭೌತವಿಜ್ಞಾನಿ ಒಂದು ಹೊಸ ಪ್ರಶ್ನೆ ಹಾಕಿದರು. ನಿಂತ ನೀರಿನ ಬದಲು ಹರಿಯುವ ದ್ರವದಲ್ಲಿ ಈ ಸದ್ದು ಹೇಗಿರುತ್ತದೆ? ಹರಿದಾಗ ದಣಿದ ಬುಗುರಿಗಳು ಮುಂದೆ ಸಾಗಿ, ದಣಿಯದ ಹೊಸ ಬುಗುರಿಗಳು ಬರುವುದರಿಂದ ಸದ್ದು ಹೆಚ್ಚುತ್ತದೆ ಎಂದು ಅವರು ಕಂಡರು. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಪತ್ರಿಕೆಯಲ್ಲಿ ಪ್ರಕಟವಾದ ಆ ಪುಟ್ಟ ಲೇಖನ ಹರಿಯುವ ದ್ರವದ ಮೇಲೆ ನಡೆದ ಮೊಟ್ಟಮೊದಲ ಇಂಥ ಪ್ರಯೋಗಗಳಲ್ಲಿ ಒಂದು. 1959ರಲ್ಲಿ ಕ್ಯಾಲಿಫೋರ್ನಿಯದ ಜೆ.ಆರ್. ಸಿಂಗರ್ ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಕಾಂತೀಯ ಅನುರಣನದಿಂದ ಅಳೆದರು. ಇಂದು ರಕ್ತನಾಳಗಳ ಎಂಆರ್‌ಐ ಚಿತ್ರ ತೆಗೆಯುವವರು ಬಳಸುವ ತತ್ತ್ವದ ಬೇರು ಬೆಂಗಳೂರಿನ ಆ ಪ್ರಯೋಗಶಾಲೆಯಲ್ಲೂ ಇದೆ.

ಸದ್ದನ್ನು ಚಿತ್ರವಾಗಿಸಿದವರು ಪಾಲ್ ಲಾಟರ್‌ಬರ್. ಕಾಂತಕ್ಷೇತ್ರವನ್ನು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಮಾಡಿದರೆ ಬುಗುರಿಗಳ ಶ್ರುತಿ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ, ಶ್ರುತಿಯಿಂದಲೇ ಜಾಗ ಹೇಳಬಹುದು ಎಂಬುದು ಅವರ ಉಪಾಯ. 'ನೇಚರ್' ಪತ್ರಿಕೆ ಮೊದಲು ಅದನ್ನು ಹಿಂದಿರುಗಿಸಿ, ಆಮೇಲೆ 1973ರಲ್ಲಿ ಪ್ರಕಟಿಸಿತು. ಇಂಗ್ಲೆಂಡಿನ ಪೀಟರ್ ಮ್ಯಾನ್ಸ್‌ಫೀಲ್ಡ್ ಚಿತ್ರ ತೆಗೆಯುವ ವೇಗ ಹೆಚ್ಚಿಸಿದರು. 2003ರ ನೊಬೆಲ್ ಇಬ್ಬರಿಗೂ ಸಂದಿತು. ಈ ನಡುವೆ 1977ರ ಜುಲೈ 3ರಂದು ರೇಮಂಡ್ ಡಮಾಡಿಯನ್ ತಂಡ ಜೀವಂತ ಮನುಷ್ಯನ ಮುಂಡದ ಮೊದಲ ಚಿತ್ರವನ್ನು ಸುಮಾರು ಐದು ಗಂಟೆ ಕೂತು ತೆಗೆಯಿತು. ವಿಚಿತ್ರವೆಂದರೆ ಅವರು ತೆಗೆದದ್ದು ಎದೆಯ ಚಿತ್ರವನ್ನೇ. ಹೃದಯ ಕಂಡಿತು, ಎದೆಯ ಗೋಡೆ ಕಂಡಿತು. ಶ್ವಾಸಕೋಶ ಇರಬೇಕಾದಲ್ಲಿ ಎರಡು ಕಪ್ಪು ಗುಳಿಗಳು!

ಗಾಳಿಗೆ ಸದ್ದು ಕಲಿಸಿದ್ದು

ಕಪ್ಪಾಗಲು ಕಾರಣ ಸರಳ. ಎಂಆರ್‌ಐ ನೀರಿನ ಸದ್ದು ಕೇಳುವ ಯಂತ್ರ, ಶ್ವಾಸಕೋಶದ ತುಂಬ ಇರುವುದು ಗಾಳಿ. ಇರುವ ಅಷ್ಟಿಷ್ಟು ನೀರಿನ ಸದ್ದೂ ಗಾಳಿ ಮತ್ತು ಪೊರೆ ಸೇರುವ ಕೋಟಿಗಟ್ಟಲೆ ಅಂಚುಗಳಲ್ಲಿ ಕಾಂತಕ್ಷೇತ್ರ ಕಲಕಿ, ಒಂದೆರಡು ಮಿಲಿಸೆಕೆಂಡಿನಲ್ಲೇ ಅಡಗಿಹೋಗುತ್ತದೆ. ಮೇಲಾಗಿ ಉಸಿರಾಡುವ ಎದೆ ಸುಮ್ಮನೆ ಇರುವುದೂ ಇಲ್ಲ. ಮಿದುಳು, ಮಂಡಿ, ಬೆನ್ನುಹುರಿಗಳ ಅದ್ಭುತ ಚಿತ್ರ ಕೊಟ್ಟ ಯಂತ್ರ ಶ್ವಾಸಕೋಶದ ಮುಂದೆ ಕುರುಡಾಯಿತು.

ಹಾಗಾದರೆ ಗಾಳಿಯನ್ನೇ ಸದ್ದು ಮಾಡಿಸಿದರೆ? ಇಲ್ಲಿ ತೊಡಕೊಂದಿದೆ. ಆಸ್ಪತ್ರೆಯ ಸಾಮಾನ್ಯ 1.5 ಟೆಸ್ಲ ಯಂತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30 ಸಾವಿರ ಪಟ್ಟು ಬಲವಾದದ್ದು. ಅಂಥದರಲ್ಲೂ ಜಲಜನಕದ ಬುಗುರಿಗಳು ಅರ್ಧದಷ್ಟು ಒಂದು ಕಡೆ, ಅರ್ಧದಷ್ಟು ವಿರುದ್ಧ ದಿಕ್ಕಿಗೆ ಮುಖ ಮಾಡಿ ಒಂದರ ಸದ್ದನ್ನು ಇನ್ನೊಂದು ಅಳಿಸುತ್ತವೆ. ಹತ್ತು ಲಕ್ಷಕ್ಕೆ ಐದರಷ್ಟು ಮಾತ್ರ ಒಂದು ಕಡೆಗೆ ಹೆಚ್ಚಾಗಿ ಉಳಿಯುತ್ತವೆ. ನಾವು ನೋಡುವ ಎಂಆರ್‌ಐ ಚಿತ್ರವೆಲ್ಲ ಆ ಐದರ ದಯೆ. ನೀರಿನಲ್ಲಿ ಕಣಗಳು ಕಿಕ್ಕಿರಿದಿರುವುದರಿಂದ ಅಷ್ಟೇ ಸಾಕಾಗುತ್ತದೆ. ಅನಿಲದಲ್ಲಿ ಕಣಗಳು ವಿರಳ, ಅಲ್ಲಿ ಅದು ಸಾಲದು.

ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆ ಸೇರುವ ಜನಜಂಗುಳಿಯನ್ನು ನೆನೆಯಿರಿ. ತೇರು ಹೊರಡುವವರೆಗೆ ಒಬ್ಬೊಬ್ಬರ ಮುಖ ಒಂದೊಂದು ಕಡೆ. ತೇರು ಅಲುಗಿದೊಡನೆ ಎಲ್ಲ ಮುಖಗಳೂ ಒಂದೇ ಕಡೆಗೆ. ಅನಿಲದ ಬುಗುರಿಗಳಿಗೂ ಹೀಗೆ ಒಂದು ತೇರು ಬೇಕಿತ್ತು. ಅದು ಸಿಕ್ಕಿದ್ದು ಲೇಸರ್ ಬೆಳಕಿನಲ್ಲಿ. ಬೆಳಕಿನಿಂದ ಪರಮಾಣುಗಳನ್ನು ಒಂದೇ ದಿಕ್ಕಿಗೆ ತಿರುಗಿಸುವ ವಿದ್ಯೆಯನ್ನು ತೋರಿಸಿಕೊಟ್ಟ ಫ್ರಾನ್ಸಿನ ಆಲ್ಫ್ರೆಡ್ ಕಾಸ್ಲರ್ 1966ರಲ್ಲಿ ನೊಬೆಲ್ ಪಡೆದರು. ರುಬಿಡಿಯಂ ಲೋಹದ ಆವಿಯನ್ನು ಲೇಸರಿನಿಂದ ಹಾಗೆ ತಿರುಗಿಸಿ, ಅದರ ಜೊತೆ ಕ್ಸೆನಾನ್ ಅಥವಾ ಹೀಲಿಯಂ ಅನಿಲವನ್ನು ಬೆರೆಸಿದರೆ, ಒಂದಕ್ಕೊಂದು ತಾಕಿದಾಗ ರುಬಿಡಿಯಂ ತನ್ನ ದಿಕ್ಕನ್ನು ಅನಿಲಕ್ಕೆ ದಾಟಿಸುತ್ತದೆ. ಅಮೆರಿಕದ ಪ್ರಿನ್ಸ್‌ಟನ್‌ನ ವಿಲಿಯಂ ಹ್ಯಾಪರ್ ಮತ್ತು ಸಂಗಡಿಗರು ಈ ವಿದ್ಯೆಯನ್ನು ಪಳಗಿಸಿದರು. ಅನಿಲದ ಸದ್ದು ಹತ್ತಾರು ಸಾವಿರ ಪಟ್ಟು ಹೆಚ್ಚಿತು.

1994ರಲ್ಲಿ ಪ್ರಿನ್ಸ್‌ಟನ್ ಮತ್ತು ಸ್ಟೋನಿಬ್ರೂಕ್ ವಿಜ್ಞಾನಿಗಳು ಇಲಿಯ ಶ್ವಾಸಕೋಶಕ್ಕೆ ಕ್ಸೆನಾನ್ ತುಂಬಿ ಚಿತ್ರ ತೆಗೆದರು. ಕಪ್ಪು ಗುಳಿ ಮೊದಲ ಬಾರಿಗೆ ಬೆಳಗಿತು! 1996ರ ಹೊತ್ತಿಗೆ ಜರ್ಮನಿಯಲ್ಲೂ ಅಮೆರಿಕದಲ್ಲೂ ಮನುಷ್ಯರು ಹೀಲಿಯಂ-3 ಅನಿಲವನ್ನು ಉಸಿರೆಳೆದುಕೊಂಡು ಚಿತ್ರ ತೆಗೆಸಿಕೊಂಡರು. ಮೊದಮೊದಲು ಹೀಲಿಯಂ-3ರ ಚಿತ್ರಗಳೇ ಚೆನ್ನಾಗಿದ್ದವು. ಆದರೆ ಆ ಅನಿಲದ ಮೂಲ ಯಾವುದು ಗೊತ್ತೆ? ಅಣ್ವಸ್ತ್ರಗಳಿಗಾಗಿ ತಯಾರಿಸಿಟ್ಟ ಟ್ರಿಟಿಯಂ ನಿಧಾನವಾಗಿ ಕ್ಷಯಿಸಿದಾಗ ಹುಟ್ಟುವುದೇ ಹೀಲಿಯಂ-3. ಬಂದರುಗಳಲ್ಲಿ, ಗಡಿಗಳಲ್ಲಿ ಕಳ್ಳಸಾಗಣೆಯ ಪರಮಾಣು ಸಾಮಗ್ರಿ ಪತ್ತೆಮಾಡುವ ಉಪಕರಣಗಳಿಗೂ ಅದೇ ಅನಿಲ ಬೇಕಾಯಿತು. 2009ರ ಸುಮಾರಿಗೆ ಅದು ದುರ್ಲಭವಾಗಿ ವಿಜ್ಞಾನಿಗಳು ಮತ್ತೆ ಕ್ಸೆನಾನ್ ಕಡೆಗೆ ತಿರುಗಿದರು.

ಕ್ಸೆನಾನ್ ಎಂದರೆ ಗ್ರೀಕ್ ಭಾಷೆಯಲ್ಲಿ 'ಪರದೇಶಿ'. 1898ರಲ್ಲಿ ಲಂಡನ್ನಿನಲ್ಲಿ ರಾಮ್ಸೆ ಮತ್ತು ಟ್ರಾವರ್ಸ್ ಇದನ್ನು ಕಂಡುಹಿಡಿದರು. ನಾವು ಎಳೆದುಕೊಳ್ಳುವ ಗಾಳಿಯಲ್ಲೂ ಇದೆ, ಆದರೆ ಕೋಟಿಗೊಂದರಷ್ಟು ಅಪರೂಪ. ಈ ಪರದೇಶಿಗೆ ಹೀಲಿಯಂಗಿಲ್ಲದ ಒಂದು ಗುಣವಿದೆ. ಅದು ಗಾಳಿಗೂಡಿನಲ್ಲೇ ನಿಲ್ಲದೆ, ಆಮ್ಲಜನಕದಂತೆ ಪೊರೆಯಲ್ಲಿ ಕರಗಿ ರಕ್ತದ ಕೆಂಪು ಕಣಕ್ಕೂ ಹೋಗುತ್ತದೆ. ಹೋದ ಕಡೆಯೆಲ್ಲ ತನ್ನ ಶ್ರುತಿ ಬದಲಿಸುತ್ತದೆ. ಗಾಳಿಯಲ್ಲಿ ಒಂದು ಶ್ರುತಿ, ಪೊರೆಯಲ್ಲಿ ಇನ್ನೊಂದು, ಕೆಂಪು ಕಣದಲ್ಲಿ ಮತ್ತೊಂದು. ರೋಗಿ ಒಂದು ಚೀಲದಿಂದ ಹೆಚ್ಚೆಂದರೆ ಒಂದು ಲೀಟರಿನಷ್ಟು ಅನಿಲ ಎಳೆದುಕೊಂಡು ಹತ್ತು ಹದಿನೈದು ಸೆಕೆಂಡು ಉಸಿರು ಬಿಗಿಹಿಡಿದರೆ ಸಾಕು. ಎಲ್ಲಿಗೆ ಗಾಳಿ ಹೋಯಿತು, ಎಲ್ಲಿಗೆ ಹೋಗಲಿಲ್ಲ, ಹೋದದ್ದು ಎಲ್ಲಿ ರಕ್ತಕ್ಕೆ ದಾಟಲಿಲ್ಲ ಎಂಬ ನಕ್ಷೆಯೇ ಸಿಗುತ್ತದೆ. ಕೆರೆಯ ಒಟ್ಟು ನೀರಿನ ಲೆಕ್ಕ ಹೋಗಿ ಒಂದೊಂದು ಗದ್ದೆಯ ಲೆಕ್ಕ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರ ಡಿಸೆಂಬರ್‌ನಲ್ಲಿ ಶ್ವಾಸಕೋಶದ ಗಾಳಿಯಾಟ ನೋಡಲು ಈ ಕ್ಸೆನಾನ್ ಬಳಕೆಗೆ ಒಪ್ಪಿಗೆ ಕೊಟ್ಟಿತು.

ಒಂದು ರಾತ್ರಿ, ಅನೇಕ ಹಗಲು

ಕೋವಿಡ್ ಕಾಲದಲ್ಲಿ ಉಸಿರು ಎಲ್ಲರ ಬಾಯಲ್ಲೂ ಇದ್ದ ಮಾತು. 1970ರ ದಶಕದಲ್ಲಿ ಜಪಾನಿನ ಟಕುವೊ ಅವೊಯಾಗಿ ರೂಪಿಸಿದ ತತ್ತ್ವದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೂ ಬಂತು. ಆದರೆ ಅಳೆಯುವುದು ಬೇರೆ, ಉಳಿಸುವುದು ಬೇರೆ. 2021ರ ಮೇ 2 ಮತ್ತು 3ರ ನಡುವಿನ 24 ಗಂಟೆಗಳಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದಿತ್ತು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಆಗಿನ ಸರ್ಕಾರ ಹೇಳಿತು. ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ಹೈಕೋರ್ಟ್ ನೇಮಿಸಿದ ಸಮಿತಿ ಆ ಮಾತನ್ನು ಒಪ್ಪಲಿಲ್ಲ. ಆ ರಾತ್ರಿ ಬೇಕಾಗಿದ್ದದ್ದು ಯಾವ ಹೊಸ ಯಂತ್ರವೂ ಅಲ್ಲ, ತುಂಬಿದ ಸಿಲಿಂಡರ್. ಉಸಿರಿನ ವಿಜ್ಞಾನದ ಬಗ್ಗೆ ಈ ನೆಲದಲ್ಲಿ ನಿಂತು ಬರೆಯುವವರು ಈ ಮಾತನ್ನು ಮೊದಲು ಹೇಳಿ ಮುಂದೆ ಹೋಗಬೇಕು.

ಬದುಕಿ ಮನೆಗೆ ಬಂದವರದು ಇನ್ನೊಂದು ಕಥೆ. ಕೋವಿಡ್ ವಾಸಿಯಾದರೂ ತಿಂಗಳುಗಟ್ಟಲೆ ಮೆಟ್ಟಿಲು ಹತ್ತಲಾರದವರು, ಹೊಲದ ಬದುವಿನಲ್ಲಿ ನಾಲ್ಕು ಹೆಜ್ಜೆಗೆ ಕೂರುವವರು ಎಲ್ಲ ದೇಶಗಳಲ್ಲೂ ಇದ್ದರು. ಎಷ್ಟೋ ಮಂದಿಗೆ ಸಿಕ್ಕ ಉತ್ತರ ಒಂದೇ: "ಸ್ಕ್ಯಾನ್ ಸರಿಯಾಗಿದೆ, ನಿಮಗೇನೂ ಇಲ್ಲ." ಇಂಗ್ಲೆಂಡಿನ ಆಕ್ಸ್‌ಫರ್ಡ್ ಮತ್ತು ಷೆಫೀಲ್ಡ್ ವಿಜ್ಞಾನಿಗಳು ಅಂಥ ಕೆಲವರಿಗೆ ಕ್ಸೆನಾನ್ ಉಸಿರಾಡಿಸಿ ನೋಡಿದರು. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದ ರೋಗಿಗಳು ಬೆರಳೆಣಿಕೆಯಷ್ಟೇ, ನಿಜ. ಆದರೆ ಸಿ.ಟಿ. ಸ್ಕ್ಯಾನಿನಲ್ಲಿ ಸರಿಯಾಗಿ, ಅಥವಾ ಹೆಚ್ಚುಕಡಿಮೆ ಸರಿಯಾಗಿ ಕಂಡ ಶ್ವಾಸಕೋಶಗಳಲ್ಲೇ ಅನಿಲ ರಕ್ತಕ್ಕೆ ದಾಟುವುದು ಕುಂದಿತ್ತು. ಗಾಳಿ ಗೂಡಿನವರೆಗೆ ಹೋಗುತ್ತಿತ್ತು, ಹೊಸ್ತಿಲು ದಾಟುತ್ತಿರಲಿಲ್ಲ. ಮುಂದಿನ ವರ್ಷ, ಆಸ್ಪತ್ರೆಗೇ ಸೇರದೆ ಮನೆಯಲ್ಲಿ ಕೋವಿಡ್ ಕಳೆದವರಲ್ಲೂ ಇಂಥದ್ದು ಕಂಡಿತು.

ಅಂದರೆ ದಮ್ಮು ಕಟ್ಟುತ್ತದೆ ಎಂದವರು ಸುಳ್ಳು ಹೇಳಿರಲಿಲ್ಲ. ಸುಳ್ಳಾದದ್ದು "ಏನೂ ಇಲ್ಲ" ಎಂಬ ಮಾತು. ಅರವತ್ತರ ದಶಕದ ತುಮಕೂರಿನ ಹಳ್ಳಿಯವನಿಗೆ ಕೆಮ್ಮಿನ ಔಷಧ, ಇವರಿಗೆ ಸಮಾಧಾನದ ಮಾತು. ಎರಡು ಸಲವೂ ಉಪಕರಣ ಬಂದು ಸೇರುವ ಹೊತ್ತಿಗೆ ರೋಗಿ ಅಲ್ಲಿ ಕಾದು ಕೂತಿದ್ದ.

ನಾಳೆಯ ಯಂತ್ರ, ಇಂದಿನ ಪ್ರಶ್ನೆ

ಕ್ಸೆನಾನ್ ದುಬಾರಿ. ಅದನ್ನು ಸಿದ್ಧಪಡಿಸುವ ಲೇಸರ್ ಉಪಕರಣ ಇನ್ನೂ ದುಬಾರಿ. ಜಗತ್ತಿನಲ್ಲೇ ಇದು ಕೆಲವು ದೊಡ್ಡ ಕೇಂದ್ರಗಳಿಗೆ ಸೀಮಿತ. ಹಾಗಾದರೆ ಚಾಮರಾಜನಗರ, ಗುಂಡ್ಲುಪೇಟೆಗಳ ಕಲ್ಲುಕುಟಿಗನಿಗೆ ಇದರಿಂದ ಏನು? ಹೀಗೆ ಕೇಳುವುದು ನ್ಯಾಯವೇ.

ಎರಡು ದಾರಿಗಳು ತೆರೆಯುತ್ತಿವೆ. ಒಂದು, ಆಮ್ಲಜನಕವನ್ನೇ ಬಳಸುವುದು. ಆಮ್ಲಜನಕ ಅಯಸ್ಕಾಂತಕ್ಕೆ ಸ್ವಲ್ಪ ಸೆಳೆಯಲ್ಪಡುವ ಅನಿಲ ಎಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲೇ ಮೈಕೆಲ್ ಫ್ಯಾರಡೆ ತೋರಿಸಿದ್ದ. ಶುದ್ಧ ಆಮ್ಲಜನಕ ಉಸಿರಾಡಿಸಿದರೆ ಶ್ವಾಸಕೋಶದ ಅಷ್ಟಿಷ್ಟು ನೀರಿನ ಬುಗುರಿಗಳ ವರ್ತನೆ ಬದಲಾಗುತ್ತದೆ, ಬದಲಾದ ಜಾಗವೇ ಗಾಳಿ ತಲುಪಿದ ಜಾಗ ಎಂದು 1996ರಲ್ಲಿ ಅಮೆರಿಕದ ರಾಬರ್ಟ್ ಎಡೆಲ್ಮನ್ ತಂಡ ತೋರಿಸಿತು. ಜರ್ಮನಿಯಲ್ಲಿ ಇನ್ನೂ ಮುಂದೆ ಹೋಗಿ, ಯಾವ ವಿಶೇಷ ಅನಿಲವೂ ಇಲ್ಲದೆ, ರೋಗಿ ಸಹಜವಾಗಿ ಉಸಿರಾಡುತ್ತಿರುವಾಗಲೇ ಸಾಲುಸಾಲು ಚಿತ್ರ ತೆಗೆದು ಅವುಗಳ ಏರಿಳಿತದಿಂದ ಗಾಳಿಯ ಮತ್ತು ರಕ್ತದ ಹರಿವನ್ನು ಲೆಕ್ಕ ಹಾಕುವ ವಿಧಾನ 2009ರಿಂದ ಬೆಳೆದು ಬಂದಿದೆ. ಎರಡು, ದುರ್ಬಲ ಅಯಸ್ಕಾಂತವೇ ಶ್ವಾಸಕೋಶಕ್ಕೆ ಒಳ್ಳೆಯದು ಎಂಬ ತಿಳಿವಳಿಕೆ. ಕ್ಷೇತ್ರ ಬಲವಾದಷ್ಟೂ ಗಾಳಿ ಮತ್ತು ಪೊರೆಯ ಅಂಚಿನ ಕಲಕಾಟ ಹೆಚ್ಚು. 0.55 ಟೆಸ್ಲದ ಯಂತ್ರದಲ್ಲಿ ಶ್ವಾಸಕೋಶ ಚೆನ್ನಾಗಿ ಕಾಣುತ್ತದೆ ಎಂದು 2019ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ದುರ್ಬಲ ಅಯಸ್ಕಾಂತವೆಂದರೆ ಖರ್ಚೂ ಕಡಿಮೆ, ಕೂರಿಸಲು ಬೇಕಾದ ವ್ಯವಸ್ಥೆಯೂ ಕಡಿಮೆ. 2016ರಿಂದ ತನ್ನದೇ ವೈದ್ಯಕೀಯ ಕಾಲೇಜು ಇರುವ ಜಿಲ್ಲೆಗೆ ಇದು ಕೈಗೆಟುಕದ ಕನಸೇನಲ್ಲ.

ಆದರೆ ಅಷ್ಟರವರೆಗೆ ಕಾಯಬೇಕಾಗಿಲ್ಲ. ಕೊರೆಯುವಾಗ ನೀರು ಹಾಯಿಸಿದರೆ ದೂಳು ಏಳುವುದು ತಗ್ಗುತ್ತದೆ. ಇದಕ್ಕೆ ಲೇಸರ್ ಬೇಡ. ವರ್ಷಕ್ಕೊಮ್ಮೆ ಕಾರ್ಮಿಕನನ್ನು ಊದಿಸಿ ನೋಡಲು ಹಚಿನ್‌ಸನ್ನನ ಉಸಿರುಮಾಪಕ ಸಾಕು. ರಾಜಸ್ಥಾನ 2019ರಲ್ಲಿ ದೂಳಿನ ಕಾಯಿಲೆಯವರಿಗಾಗಿಯೇ ಒಂದು ನೀತಿ ತಂದು, ರೋಗ ಖಚಿತವಾದವರಿಗೆ ನೆರವಿನ ವ್ಯವಸ್ಥೆ ಮಾಡಿತು. ಹೊಳೆಯುವ ಕಲ್ಲಿನ ನಾಡಿಗೆ ಅದೊಂದು ಮಾದರಿ.

ಎಲ್ಲಕ್ಕಿಂತ ಅಗ್ಗದ ಉಪಕರಣವೊಂದಿದೆ, ಮುನ್ನೂರು ವರ್ಷ ಹಳೆಯದು. ಕೆಮ್ಮುತ್ತಾ ಬಂದವನನ್ನು ಕೂರಿಸಿ ಎದೆಗೆ ಸ್ಟೆತಸ್ಕೋಪು ಇಡುವ ಮುಂಚೆ ರಾಮಾಜಿನಿಯ ಆ ಪ್ರಶ್ನೆ ಕೇಳುವುದು: ಏನು ಕೆಲಸ ಮಾಡ್ತೀರಪ್ಪ? ಅವನು "ಕಲ್ಲು ಕೊರೆಯೋದು ಸಾಮಿ" ಎಂದರೆ, ಅದನ್ನು ಚೀಟಿಯಲ್ಲಿ ಬರೆದುಕೊಳ್ಳುವುದು. ಕಾಣದ ಉಸಿರಿಗೆ ಹಿಡಿಯುವ ಮೊದಲ ಕನ್ನಡಿ ಅದು.